ಮಚ್ಚೆ ನಾಲಿಗೆಯ ಹುಡುಗಿ

ನಾನು ಚಿಕ್ಕವಳಿದ್ದಾಗ ನನ್ನ ನಾಲಿಗೆಗೆ ಊರಿಗೆ ಊರೇ ಹೆದರುತ್ತಿತ್ತು. ನಗಬೇಡಿ ಮಕ್ಕಳೇ, ನಿಜವನ್ನೇ ಹೇಳುತ್ತಿದ್ದೇನೆ. ನನ್ನ ನಾಲಿಗೆಯ ತುದಿಗಿಂತ ಕೊಂಚ ಹಿಂದೆ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಮಚ್ಚೆ ಇತ್ತು. ನಾಲಿಗೆಯಲ್ಲಿ ಮಚ್ಚೆ ಇದ್ದವರು ಆಡಿದ ಮಾತು ಆಗಿಯೇ ತೀರುತ್ತದೆ ಎಂದು ನಮ್ಮ ಕಡೆಯ ಹಿರಿಯರು ನಂಬಿದ್ದರು. ಮನೆಗೆ ಯಾರೇ ನೆಂಟರು ಬರಲಿ, ಕಾಲು ತೊಳೆದು ಒಳಗೆ ಬಂದವರೇ ಮೊದಲು ನನ್ನನ್ನು ಕರೆದು ಬಾಯಿ ತೆರೆಸುತ್ತಿದ್ದರು. ನಾನು ನಾಲಿಗೆ ಚಾಚಿಕೊಂಡು ನಿಲ್ಲಬೇಕಿತ್ತು. ಅವರು ಬಗ್ಗಿ ನೋಡಿ, ತಲೆದೂಗಿ, ಆಮೇಲೆ ಕಾಫಿ ಕುಡಿಯುತ್ತಿದ್ದರು.

ನಮ್ಮದು ಚಿಕ್ಕಯ್ಯನಛತ್ರದ ಕಡೆಯ ಒಂದು ಪುಟ್ಟ ಹಳ್ಳಿ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಮತ್ತೆ ನಾನು. ಅಕ್ಕನನ್ನು ಟಿ. ನರಸೀಪುರದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಅಜ್ಜಿಗೆ ನಂಜನಗೂಡಿನ ನಂಜುಂಡೇಶ್ವರನ ಮೇಲೆ ಎಲ್ಲಿಲ್ಲದ ಭಕ್ತಿ. ಸೋಮವಾರ ಬಂತೆಂದರೆ ನಸುಕಿನಲ್ಲೇ ಎದ್ದು ನಡೆದು ಹೋಗಿ, ಕಪಿಲೆಯಲ್ಲಿ ಮುಳುಗೆದ್ದು, ಒದ್ದೆ ಸೆರಗಿನಲ್ಲೇ ದರ್ಶನ ಮಾಡಿ ಬರುತ್ತಿದ್ದಳು. ಅವಳು ತರುವ ವಿಭೂತಿಯಲ್ಲಿ ಹೊಳೆಯ ನೀರಿನ ವಾಸನೆ ಸೇರಿಕೊಂಡಿರುತ್ತಿತ್ತು.

ನನ್ನ ಖ್ಯಾತಿ ಶುರುವಾದದ್ದು ಒಂದು ಬೇಸಿಗೆಯ ಮಧ್ಯಾಹ್ನ. ಮೋಡ ಕಟ್ಟಿತ್ತು, ಗಾಳಿ ತಣ್ಣಗಾಗಿತ್ತು. ನಾನು ಜಗಲಿಯ ಮೇಲೆ ಕೂತು, ಮಳೆ ಬರುತ್ತದೆ ಎಂದೆ. ಮಳೆ ಬಂತು. ಇನ್ನೊಂದು ದಿನ ಪಕ್ಕದ ಮನೆಯ ಹಸುವನ್ನು ನೋಡಿ, ಇದು ಇವತ್ತು ಕರು ಹಾಕುತ್ತದೆ ಎಂದೆ. ಆ ಹಸುವಿನ ಹೊಟ್ಟೆ ನೋಡಿದ್ದರೆ ಯಾರು ಬೇಕಾದರೂ ಹಾಗೆ ಹೇಳಬಹುದಿತ್ತು. ಆದರೆ ಸಂಜೆ ಕರು ಎದ್ದು ನಿಂತ ಕೂಡಲೇ ಅಜ್ಜಿ ನನ್ನ ಹಣೆಗೆ ವಿಭೂತಿ ಬಳಿದು, "ನಂಜುಂಡಪ್ಪ ಈ ಮಗೀನ ನಾಲ್ಗೆ ಮ್ಯಾಲೆ ಬಂದು ಕೂತವ್ನೆ ಕಣ್ರವ್ವ" ಎಂದು ಕೇರಿಗೆಲ್ಲ ಸಾರಿಬಿಟ್ಟಳು. ನಾನು ಬರುತ್ತದೆ ಎಂದ ಮೇಲೂ ಬಾರದ ಮಳೆಗಳು ಎಷ್ಟೋ ಇದ್ದವು. ಅವನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಆಮೇಲೆ ಬಸುರಿಯರು ಬರತೊಡಗಿದರು. ಕೈಯಲ್ಲಿ ರಸಬಾಳೆ ಹಣ್ಣು. ಹಣ್ಣು ನನ್ನ ಮಡಿಲಿಗೆ ಹಾಕಿ, ಗಂಡು ಅನ್ನು ಮಗಾ ಎನ್ನುವರು. ನಂಜನಗೂಡಿನ ರಸಬಾಳೆಯ ಪರಿಮಳ ಗೊತ್ತಲ್ಲ, ಸಿಪ್ಪೆ ಸುಲಿಯುವ ಮೊದಲೇ ಬಾಯಲ್ಲಿ ನೀರು. ನಾನು ಧಾರಾಳವಾಗಿ ಗಂಡು ಎಂದುಬಿಡುತ್ತಿದ್ದೆ. ಗಂಡಾದರೆ ನನ್ನ ನಾಲಿಗೆಯ ಮಹಿಮೆ. ಹೆಣ್ಣಾದರೆ, ಹಣ್ಣು ಕಾಯಿಕಾಯಾಗಿತ್ತು, ಮಗು ಮನಸ್ಸಿಟ್ಟು ಅನ್ನಲಿಲ್ಲ ಎಂದು ಅವರವರೇ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಹೀಗಿದ್ದ ಮೇಲೆ ನನ್ನ ಮಾತು ಸುಳ್ಳಾಗುವುದು ಹೇಗೆ ಸಾಧ್ಯ? ಹಣ್ಣು ಸಿಗುವವರೆಗೂ ನನಗೇನೋ ಖುಷಿಯೇ ಇತ್ತು.

ಕಷ್ಟವಿದ್ದದ್ದು ಇನ್ನೊಂದು ಕಡೆ. ಒಳ್ಳೆಯ ಮಾತು ಫಲಿಸುವುದಾದರೆ ಕೆಟ್ಟ ಮಾತೂ ಫಲಿಸಬೇಕಲ್ಲ? ಮರ ಹತ್ತಿದ ಗೆಳತಿಗೆ ಬಿದ್ದೀಯೇ ಎಂದರೆ ಅವಳ ತಾಯಿ ಓಡಿ ಬಂದು ನನ್ನ ಬಾಯಿ ಮುಚ್ಚುವಳು. ನಮ್ಮಲ್ಲಿ ಯಾರಾದರೂ ಮರೆತು ಅಪಶಕುನದ ಮಾತು ಆಡಿದರೆ ಹಿರಿಯರು ತಕ್ಷಣ 'ಬಿಡ್ತು ಅನ್ನು' ಎನ್ನುತ್ತಾರೆ. ಬಿಡ್ತು ಎಂದುಬಿಟ್ಟರೆ ಆಡಿದ ಮಾತು ಅಲ್ಲಿಗೆ ಬಿಟ್ಟು ಹೋಯಿತು, ಇನ್ನು ಅದು ತಟ್ಟುವುದಿಲ್ಲ ಎಂದು ಲೆಕ್ಕ. ನಮ್ಮಜ್ಜಿಯ ಬಾಯಲ್ಲಿ ಅದು "ಬುಡ್ತು ಅನ್ನು" ಆಗುತ್ತಿತ್ತು. ಬೇರೆ ಮಕ್ಕಳು ಯಾವಾಗಲೋ ಒಮ್ಮೆ ಅನ್ನುತ್ತಿದ್ದರು. ನನಗೆ ಮಾತ್ರ ಬೆಳಗಾದರೆ ಅದೇ ಜಪ. ಬರಬರುತ್ತ ನನ್ನ ಬಾಯೊಳಗೆ ಬೇರೆ ಯಾರೋ ಇದ್ದಾರೆ ಎಂದು ಅನ್ನಿಸತೊಡಗಿತು. ಹಗಲೆಲ್ಲ ತುಟಿ ಬಿಗಿದು ಓಡಾಡುತ್ತಿದ್ದೆ.

ಆ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಬಿಡಲು ಬಂದ ಅವಳ ಅತ್ತೆ ನನಗೂ ಒಂದು ಹಣ್ಣು ಕೊಟ್ಟು ಗಂಡು ಅನ್ನಿಸಿಕೊಂಡೇ ಹೋದರು. ನನಗೆ ಅಕ್ಕ ಬಂದದ್ದೇ ಹಬ್ಬ. ಮದುವೆಗೆ ಮೊದಲು ನನ್ನ ತಲೆ ಬಾಚುತ್ತಿದ್ದವಳು ಅವಳೇ, ನಾನು ಮಲಗುತ್ತಿದ್ದುದೂ ಅವಳ ಪಕ್ಕದಲ್ಲೇ. ನಡುಮನೆಯಲ್ಲಿ ಅವಳ ಸೊಂಟ ತಬ್ಬಿಕೊಂಡು ಸಂತೋಷ ತಡೆಯಲಾರದೆ ಕೂಗಿದೆ, "ಅಕ್ಕ ಇನ್ನು ಗಂಡನ ಮನೆಗೆ ಓಗೋದೇ ಇಲ್ಲ, ಇಲ್ಲೇ ಇರ್ತಾಳೆ."

ಅಜ್ಜಿಯ ಕೈಯಲ್ಲಿದ್ದ ಮೊರ ನಿಂತುಬಿಟ್ಟಿತು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಅಜ್ಜಿ ನನ್ನ ತೋಳು ಹಿಡಿದು ಬುಡ್ತು ಅನ್ನು, ಬುಡ್ತು ಅನ್ನು ಎಂದು ಅಲುಗಿಸಿದಳು. ನಾನು ಹೇಳಿದ್ದರಲ್ಲಿ ತಪ್ಪೇನು ಎಂದೇ ನನಗೆ ತಿಳಿಯಲಿಲ್ಲ. ಆಮೇಲೆ ಅವ್ವ ಹಿತ್ತಿಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು. ಅಪ್ಪನಿಗೆ ಒಬ್ಬಳು ತಂಗಿ ಇದ್ದಳಂತೆ. ಅವಳೂ ಹೀಗೇ ಹೆರಿಗೆಗೆಂದು ಈ ಮನೆಗೆ ಬಂದವಳು ತಿರುಗಿ ಗಂಡನ ಮನೆಗೆ ಹೋಗಲಿಲ್ಲವಂತೆ. ಹೆರಿಗೆಯಲ್ಲೇ ತೀರಿಕೊಂಡಳಂತೆ. ಅದನ್ನು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಪ್ರೀತಿಯಿಂದ ಆಡಿದ ಮಾತು ಅಕ್ಕನ ತಲೆಯ ಮೇಲೆ ಕಲ್ಲಾಗಿ ಕೂತಿತು ಎಂದು ಒಳಗೊಳಗೇ ಬೇಯುತ್ತಿದ್ದೆ.

ನಾನು ಹೇಳಹೊರಟ ದಿನ ಬಂದದ್ದು ಇದಾದ ಸ್ವಲ್ಪ ಕಾಲಕ್ಕೆ. ಬೆಳಗ್ಗೆ ಎಚ್ಚರವಾದಾಗ ಕೋಣೆಯ ಒಳಗಿನಿಂದ ಅಕ್ಕನ ನರಳಾಟ ಕೇಳುತ್ತಿತ್ತು. ಹರಳೆಣ್ಣೆಯ ವಾಸನೆ, ಬಿಸಿನೀರಿನ ಹಬೆ, ಹೆಂಗಸರ ಪಿಸುಮಾತು. ದನ ಮೇಯಲು ಬಿಡುವ ಹೊತ್ತಿಗೆ ಹೆರಿಗೆ ಮಾಡಿಸುವ ಸೂಲಗಿತ್ತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮಗು ಅಡ್ಡ ತಿರುಗಿದೆ, ನನ್ನ ಕೈಯಲ್ಲಿ ಆಗುವ ಮಾತಲ್ಲ, ತಡ ಮಾಡದೆ ನಂಜನಗೂಡಿನ ಆಸ್ಪತ್ರೆಗೆ ಸೇರಿಸಿ ಎಂದಳು. ಅಪ್ಪ ಮರುಮಾತಾಡದೆ ಎತ್ತು ಬಿಚ್ಚಲು ಕೊಟ್ಟಿಗೆಗೆ ನಡೆದ.

ಅಜ್ಜಿ ಮಾತ್ರ ಒಪ್ಪಲಿಲ್ಲ. ಆ ಕಾಲದಲ್ಲಿ ಆಸ್ಪತ್ರೆ ಎಂದರೆ ಸಾಯಲು ಹೋಗುವ ಜಾಗ ಎಂದೇ ಅವಳ ತಿಳಿವಳಿಕೆ. ಕತ್ತಿ ಕತ್ತರಿ ಹಿಡಿದವರ ಕೈಗೆ ಮೊಮ್ಮಗಳನ್ನು ಒಪ್ಪಿಸುವುದಿಲ್ಲ, ಮನೆಯಲ್ಲೇ ದೇವರು ಮಾತಾಡುತ್ತಿರುವಾಗ ಪೇಟೆಗೇಕೆ ಹೋಗಬೇಕು ಎಂದು ಬಾಗಿಲಿಗೆ ಅಡ್ಡ ನಿಂತಳು. ನನ್ನನ್ನು ಕರೆದು ಬಾಯಿ ಮುಕ್ಕಳಿಸಲು ಹೇಳಿದಳು. ನಾಲಿಗೆಯ ಮೇಲೆ ಒಂದು ಚೂರು ಬೆಲ್ಲ ಇಟ್ಟಳು. ದೇವರ ಗೂಡಿನ ದೀಪದ ಮುಂದೆ ನಿಲ್ಲಿಸಿ, "ಅಕ್ಕಂಗೆ ಏನೂ ಆಗಾಕಿಲ್ಲ, ಸುಕವಾಗಿ ಎರಿಗೆ ಆಯ್ತದೆ ಅಂತ ಒಂದ್ ಮಾತು ಅಂದ್ಬುಡು ನನ್ ಕಂದ" ಎಂದಳು.

ಬೆಲ್ಲ ಕರಗಿ ಕಟಬಾಯಿಯಿಂದ ಇಳಿಯುತ್ತಿತ್ತು. ಈ ಮಾತು ನಿಜವಾಗುವುದಾದರೆ ಅವತ್ತು ಆಡಿದ ಮಾತೂ ನಿಜವಾಗಬೇಕು. ಅದು ಸುಳ್ಳಾಗುವುದಾದರೆ ಇದನ್ನು ಹೇಳಿಯೂ ಉಪಯೋಗವಿಲ್ಲ. ಎರಡರಲ್ಲಿ ಯಾವುದು ನಡೆದರೂ ಅಕ್ಕ ಉಳಿಯುವ ದಾರಿ ನನಗೆ ಕಾಣಲಿಲ್ಲ. ಒಳಗಿನಿಂದ ಅಕ್ಕ ಅಪ್ಪಾ ಎಂದು ಕೂಗಿದಳು. ನಾನು ಅಜ್ಜಿಯ ಕೈ ಬಿಡಿಸಿಕೊಂಡು ಓಡಿ, ಬಾಗಿಲ ಬಳಿ ಬಂದಿದ್ದ ಅಪ್ಪನ ಕಾಲು ಕಟ್ಟಿಕೊಂಡು, ನಾನು ಅನ್ನಲ್ಲ, ನನ್ನ ಕೈಯಲ್ಲಿ ಅನ್ನಿಸಬೇಡಿ ಎಂದು ಅತ್ತೆ.

ಅಪ್ಪ ಬಹಳ ಮಾತಿನವನಲ್ಲ. ದೇವರನ್ನು ಬೈದವನೂ ಅಲ್ಲ. ಅಜ್ಜಿ ಕೊಟ್ಟ ವಿಭೂತಿಯನ್ನು ಹಚ್ಚಿಕೊಂಡೇ ಹೊಲಕ್ಕೆ ಹೋಗುತ್ತಿದ್ದ. ಅವತ್ತು ನನ್ನ ತಲೆಯ ಮೇಲೆ ಕೈಯಿಟ್ಟು ತನ್ನ ತಾಯಿಯನ್ನೇ ನೋಡುತ್ತ ಹೇಳಿದ.

"ತಂಗಿ ಸಾಯೋ ದಿನಾನೂ ನಾನು ಇಲ್ಲೇ ದೀಪ ಅಚ್ಚಿ ಅರಕೆ ಒತ್ತಿದ್ದೆ ಕಣವ್ವ."

ಅಷ್ಟೇ. ಅಜ್ಜಿ ಒಂದು ಗಳಿಗೆ ದೀಪ ನೋಡಿದಳು, ಕೋಣೆಯ ಕಡೆ ನೋಡಿದಳು. ಆಮೇಲೆ ತಾನೇ ಬಾಗಿಲು ಬಿಟ್ಟು ಇಳಿದು, ಗಾಡಿಗೆ ಹುಲ್ಲು ಹಾಸಿ, ಅದರ ಮೇಲೆ ತನ್ನ ಕಂಬಳಿ ಹಾಸಿದಳು. ಸೆರಗಿನ ಅಂಚಿಗೆ ಹರಕೆಯ ಗಂಟು ಕಟ್ಟಿಕೊಂಡು ಗಾಡಿಯ ಮುಂದೆ ಮೂಕಿಮರದ ಹತ್ತಿರ ಹತ್ತಿ ಕೂತಳು. ಅವ್ವ ಅಕ್ಕನ ಬೆನ್ನಿಗೆ ಒರಗು ಕೊಟ್ಟು ಹಿಡಿದುಕೊಂಡಳು. ನಾನು ಅಕ್ಕನ ತಲೆಯ ಬಳಿ ಕೂತೆ. ಇಳಿದು ಮನೆಯಲ್ಲೇ ಉಳಿಯುತ್ತೇನೆಂದರೂ ಅಕ್ಕ ನನ್ನ ಕೈ ಬಿಡುತ್ತಿರಲಿಲ್ಲ.

ಗಾಡಿ ಕುಲುಕಬಾರದೆಂದು ಅಪ್ಪ ಮೇಲೆ ಕೂರದೆ ಎತ್ತಿನ ಪಕ್ಕದಲ್ಲೇ ನಡೆದ. ಈಗ ತಾಂಡ್ಯದಲ್ಲಿ ಫ್ಯಾಕ್ಟರಿಗಳು ಸಾಲಾಗಿ ನಿಂತಿವೆಯಲ್ಲ, ಆಗ ಆ ಕಡೆಯೆಲ್ಲ ಹುರುಳಿ ಹೊಲ. ಹುರುಳಿ ಹೂವಿನ ಮೇಲೆ ಬಿಸಿಲು ಬಿದ್ದು ಹಸಿ ವಾಸನೆ ಬರುತ್ತಿತ್ತು. ನಾನು ಒಂದು ಕೈಯಲ್ಲಿ ಅಕ್ಕನ ಕೈ ಹಿಡಿದು ಇನ್ನೊಂದರಲ್ಲಿ ನನ್ನ ಬಾಯಿ ಮುಚ್ಚಿಕೊಂಡಿದ್ದೆ. ಏನಾದರೂ ಜಾರಿ ಹೊರಗೆ ಬಂದುಬಿಟ್ಟರೆ ಎಂದು ಭಯ. ಅಪ್ಪ ತಿರುಗಿ ನೋಡಿದವನು ಕೈ ತೆಗೆಯಲು ಹೇಳಿದ. ಬಲಗಡೆಯ ಎತ್ತು ಈಗ ಮಾತಾಡುತ್ತದೆ ಎಂದು ಹೇಳು, ನೋಡೋಣ ಎಂದ. ನಾನು ಹೆದರಿ ಹೆದರಿ ಪಿಸುಗುಟ್ಟಿದೆ. ಎತ್ತು ನಾಲ್ಕು ಹೆಜ್ಜೆ ನಡೆದು, ಬಾಲ ಎತ್ತಿ, ಸಾವಕಾಶವಾಗಿ ಸಗಣಿ ಹಾಕಿತು. "ಏನೋ ಯೋಳ್ತು, ನಂಗೆ ಅರ್ತ ಆಗ್ನಿಲ್ಲ" ಎಂದ ಅಪ್ಪ. ನರಳುತ್ತಿದ್ದ ಅಕ್ಕ ಫಕ್ಕನೆ ನಕ್ಕುಬಿಟ್ಟಳು. ನಕ್ಕು, ಅಯ್ಯೋ ನಗಿಸಬೇಡಿ ನೋಯುತ್ತದೆ ಎಂದು ಮತ್ತೆ ನರಳಿದಳು.

ದಾರಿಯುದ್ದಕ್ಕೂ ಅದೇ ಆಟ. ತೆಂಗಿನ ಮರ ಬಗ್ಗುತ್ತದೆ ಎಂದೆ, ಬಗ್ಗಲಿಲ್ಲ. ತಂತಿಯ ಮೇಲಿದ್ದ ಕಾಗೆ ಬೆಳ್ಳಗಾಗುತ್ತದೆ ಎಂದೆ, ಅದು ಕಪ್ಪಗೇ ಹಾರಿಹೋಯಿತು. ಒಂದೊಂದು ಮಾತು ಸುಳ್ಳಾದ ಹಾಗೆಲ್ಲ ನನ್ನ ಎದೆ ಹಗುರಾಗುತ್ತ ಬಂತು. ಅಜ್ಜಿ ಮಾತ್ರ ತಿರುಗದೆ, ತುಟಿಯಲ್ಲೇ ದೇವರ ಹೆಸರು ಹೇಳುತ್ತ ಕೂತಿದ್ದಳು. ಕೊನೆಗೆ ಧೈರ್ಯ ಮಾಡಿ ಅಪ್ಪನನ್ನು ಕೇಳಿದೆ, ಅವತ್ತು ಅಕ್ಕನ ಬಗ್ಗೆ ಅಂದೆನಲ್ಲ, ಅದು? ಅಪ್ಪ ಹಗ್ಗ ಹಿಡಿದೇ ನನ್ನ ಮುಖ ನೋಡಿದ.

"ನಿನ್ ಮಾತ್ನ ಎತ್ತೇ ಕೇಳಾಕಿಲ್ಲ ಮಗ. ಸಾವು ಕೇಳ್ತದಾ?"

ಕಪಿಲೆಯ ಸೇತುವೆಯ ಮೇಲೆ ತಣ್ಣನೆ ಗಾಳಿ ಬಂತು. ದೂರದಲ್ಲಿ ಗುಡಿಯ ಗೋಪುರ ಕಂಡ ಕೂಡಲೇ ಅಜ್ಜಿ ಎರಡೂ ಕೈ ಎತ್ತಿ ಮುಗಿದಳು. ಅಕ್ಕನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆಗ ಅವಳು ನಗುತ್ತಲೂ ಇರಲಿಲ್ಲ, ನರಳುತ್ತಲೂ ಇರಲಿಲ್ಲ. ಅಪ್ಪ ನಡೆಯುವುದನ್ನು ಬಿಟ್ಟು ಎತ್ತಿನ ಜೊತೆ ಓಡತೊಡಗಿದ.

ಆಸ್ಪತ್ರೆಯ ಜಗಲಿಯಲ್ಲಿ ಫಿನೈಲಿನ ಘಾಟು. ಡಾಕ್ಟರಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿದವರೇ, ಇಷ್ಟು ತಡವಾಗಿ ಕರೆತಂದಿದ್ದೀರಲ್ಲ ಎಂದು ಗದರಿಸಿ, ಅಕ್ಕನನ್ನು ಒಳಗೆ ಸಾಗಿಸಿ ಬಾಗಿಲು ಹಾಕಿಸಿದರು. ಅಪ್ಪ ಹೆಗಲ ಮೇಲಿನ ಟವಲನ್ನು ಹಿಂಡುತ್ತ ಕುಕ್ಕರುಗಾಲಿನಲ್ಲಿ ಕೂತ. ಅಜ್ಜಿ ಗೋಪುರವಿದ್ದ ದಿಕ್ಕಿಗೆ ಮುಖ ಮಾಡಿ ನಿಂತವಳು ಕೂರಲೇ ಇಲ್ಲ. ನಾನು ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದೆ. ದಾರಿಯಲ್ಲಿ ಬಂದಿದ್ದ ಧೈರ್ಯವೆಲ್ಲ ಕರಗಿತ್ತು. ಕಾಗೆ ಬೆಳ್ಳಗಾಗಲಿಲ್ಲ, ಸರಿ. ಅಕ್ಕನ ವಿಷಯವೂ ಕಾಗೆಯ ವಿಷಯದ ಹಾಗೇ ಎಂದು ನಂಬಲು ಏಳೆಂಟು ವರ್ಷದ ಹುಡುಗಿಗೆ ಎಷ್ಟು ಕಷ್ಟ ಗೊತ್ತೇ?

ಬಿಸಿಲು ಜಗಲಿಯಿಂದ ಇಳಿದು ಅಂಗಳ ದಾಟುವ ಹೊತ್ತಿಗೆ ಒಳಗಿನಿಂದ ಮಗು ಅತ್ತ ಸದ್ದು ಬಂತು. ಯಾರೂ ಅಲುಗಲಿಲ್ಲ. ನಮಗೆ ಬೇಕಿದ್ದದ್ದು ಇನ್ನೊಂದು ಸುದ್ದಿ. ನರ್ಸಮ್ಮ ಬಾಗಿಲು ತೆಗೆದು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಹೆಣ್ಣು ಮಗು ಎಂದರು. ನಾನು ನೆಲದ ಮೇಲೆ ಕೂತುಬಿಟ್ಟೆ. ಬದುಕಿದಳು, ನನ್ನ ಅಕ್ಕ ಬದುಕಿದಳು ಎಂದು ಬಿಕ್ಕಿ ಬಿಕ್ಕಿ ಅತ್ತೆ. ಅಷ್ಟು ಸುಖವಾದ ಅಳು ನನಗೆ ಮತ್ತೆ ಬರಲಿಲ್ಲ. ಅಪ್ಪ ಟವಲಿನಲ್ಲಿ ಮುಖ ಮುಚ್ಚಿಕೊಂಡ. ತೆಗೆದಾಗ ನಗುತ್ತಿದ್ದ. ಗಂಡು ಅಂದಿದ್ದೆಯಲ್ಲ, ರಸಬಾಳೆ ವಾಪಸ್ ಕೊಡಬೇಕು ಈಗ ಎಂದು ನನ್ನ ಮೂಗು ಹಿಂಡಿದ.

ಅಜ್ಜಿಯನ್ನು ಸೋಲಿಸುವುದು ಅಷ್ಟು ಸುಲಭವೇ? ನಂಜುಂಡಪ್ಪ ಕಣ್ಣು ಬಿಟ್ಟ, ನನ್ನ ಹರಕೆ ಮುಟ್ಟಿತು ಎಂದು ಕಣ್ಣೊರೆಸಿಕೊಂಡಳು. ಹೆಣ್ಣಾಯಿತಲ್ಲ ಎಂದು ಅವ್ವ ನೆನಪಿಸಿದರೆ, ಇವಳು ಗಂಡು ಅಂದದ್ದು ಮುಂದಿನ ಬಸುರಿಗೆ ಎಂದಳು. ಅಪ್ಪ ವಾದಿಸಲಿಲ್ಲ. ಅವ್ವನನ್ನು ಅಕ್ಕನ ಬಳಿ ಬಿಟ್ಟು, ನನ್ನನ್ನು ಹೊಳೆಯ ಮೆಟ್ಟಿಲಿಗೆ ಮುಖ ತೊಳೆಸಲು ಕರೆದುಕೊಂಡು ಹೋದ.

ನೀರು ತಂಪಾಗಿತ್ತು. ಕಲ್ಲಿನ ಮೆಟ್ಟಿಲು ಮಾತ್ರ ಹಗಲಿನ ಬಿಸಿ ಹಿಡಿದುಕೊಂಡಿತ್ತು. ನಾನು ಅಪ್ಪನನ್ನು ಕೇಳಿದೆ, ಅಜ್ಜಿಯ ಹರಕೆಯನ್ನು ದೇವರು ನಿಜವಾಗಿಯೂ ಕೇಳಿಸಿಕೊಂಡನಾ ಎಂದು. ಅಪ್ಪ ಬೊಗಸೆಯ ನೀರನ್ನು ಚೆಲ್ಲಿ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತ.

"ದೇವ್ರು ಅವ್ನೋ ಇಲ್ವೋ ನಂಗ್ ಗೊತ್ತಿಲ್ಲ ಮಗ. ಆದ್ರೆ ಇವತ್ತು ಕೇಳುಸ್ಕಂಡ ಅಂದ್ರೆ, ಅವತ್ತು ನನ್ ತಂಗಿ ಕೂಗ್ದಾಗ ಬೇಕೂಂತ ಸುಮ್ಕಿದ್ದ ಅನ್ಬೇಕಾಯ್ತದೆ. ಅವ್ಳೇನ್ ತಪ್ಪು ಮಾಡಿದ್ಲು? ಅಂಗ್ ಅನ್ನಾಕೆ ನನ್ ಬಾಯ್ ಬರಾಕಿಲ್ಲ."

ಆ ಮಾತಿನ ತೂಕ ಆಗ ನನಗೆ ಪೂರ್ತಿ ಗೊತ್ತಾಗಲಿಲ್ಲ. ಬೇಡಿದ್ದು ನಡೆದಾಗ ಅದನ್ನು ಸಾಕ್ಷಿ ಎಂದು ಹಿಡಿದರೆ, ಬೇಡಿಯೂ ನಡೆಯದವರಿಗೆ ಏನು ಹೇಳುವುದು ಎಂಬ ಪ್ರಶ್ನೆ ಅದು. ಬೆಳೆದ ಮೇಲೆ ನಾನೂ ಅದನ್ನು ಬಹಳ ಜನರನ್ನು ಕೇಳಿದೆ. ಉತ್ತರ ಕೊಟ್ಟವರು ಹಲವರು, ನನ್ನನ್ನು ಒಪ್ಪಿಸಿದವರು ಯಾರೂ ಇಲ್ಲ. ಅಪ್ಪ ಮಾತ್ರ ತಾಯಿಯ ಮನಸ್ಸು ನೋಯಿಸಲಿಲ್ಲ. ಆಮೇಲೆ ಅಜ್ಜಿ ಹರಕೆ ತೀರಿಸಲು ಗುಡಿಯ ಸುತ್ತ ಉರುಳುಸೇವೆ ಮಾಡಿದಾಗ, ಅವಳ ಸೀರೆ ಸರಿಪಡಿಸುತ್ತ ಪಕ್ಕದಲ್ಲೇ ನಡೆದವನು ಅವನೇ.

ಬಾಣಂತನ ಮುಗಿದು ಅಕ್ಕ ಮಗುವಿನ ಜೊತೆ ಹೊರಟಳು. ಹೆಣ್ಣುಮಗಳನ್ನು ಕಳಿಸುವಾಗ ಅಳದ ಮನೆ ಯಾವುದಿದೆ? ಅವ್ವ, ಅಜ್ಜಿ, ಕೇರಿಯ ಹೆಂಗಸರೆಲ್ಲ ಕಣ್ಣೊರೆಸುತ್ತಿದ್ದರು. ನಾನೊಬ್ಬಳು ಗಾಡಿಯ ಹಿಂದೆ ಕುಣಿಯುತ್ತ, ಅಕ್ಕ ಗಂಡನ ಮನೆಗೆ ಹೋದಳು, ಹೋದಳು ಎಂದು ಕೂಗುತ್ತ ಊರ ಬಾಗಿಲಿನವರೆಗೂ ಓಡಿದೆ. ಒಡಹುಟ್ಟಿದವಳನ್ನು ಕಳಿಸಿ ಕುಣಿಯುವ ಇದೆಂಥ ಹುಡುಗಿ ಎಂದು ನೆರೆಯವರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಅವತ್ತಿನಿಂದ ನನ್ನ ನಾಲಿಗೆ ನನ್ನದೇ ಆಯಿತು. ಬೈದೆ, ಜಗಳವಾಡಿದೆ, ಬೇಕಾದ್ದು ಮಾತಾಡಿದೆ.

ನಿಮ್ಮ ಕಾಲವೇ ಬೇರೆ ಮಕ್ಕಳೇ. ಫೋನ್ ಮಾಡಿದರೆ ಆಂಬುಲೆನ್ಸ್ ಮನೆಯ ಬಾಗಿಲಿಗೆ ಬರುತ್ತದೆ. ಹೊಟ್ಟೆಯೊಳಗೆ ಮಗು ಹೇಗೆ ಮಲಗಿದೆ ಎಂದು ಡಾಕ್ಟರು ಮೊದಲೇ ನೋಡಿ ಹೇಳುತ್ತಾರೆ. ಹೆದರಿಕೆಯ ವೇಷ ಮಾತ್ರ ಬದಲಾಗಿದೆ. ಮೊನ್ನೆ ಸಂಜೆ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಊಟ ಬೇಡವೆಂದು ಮೂಲೆ ಸೇರಿದ್ದಳು. ಹತ್ತಿರ ಕೂರಿಸಿಕೊಂಡು ಕೇಳಿದರೆ ತಾಯಿಯ ಮೊಬೈಲ್ ತಂದು ತೋರಿಸಿದಳು. ದೇವರ ಚಿತ್ರ, ಕೆಳಗೆ ಒಂದಿಷ್ಟು ಬರಹ. ಇದನ್ನು ಕೂಡಲೇ ಹತ್ತಾರು ಜನರಿಗೆ ಕಳಿಸಿದರೆ ಪವಾಡ ನಡೆಯುತ್ತದೆ, ಕಳಿಸದೆ ಅಳಿಸಿದವರ ಮನೆಯಲ್ಲಿ ತಾಯಿಗೆ ಕೇಡು. ಕಳಿಸುವುದು ಹೇಗೆಂದು ಅವಳಿಗೆ ಗೊತ್ತಿಲ್ಲ, ಯಾರನ್ನಾದರೂ ಕೇಳಲು ಭಯ. ಆ ಪುಟ್ಟ ಮುಖ ನೋಡಿ ನನಗೆ ಸಿಟ್ಟು ಬಂತು, ಇಂಥದ್ದನ್ನು ಬರೆದು ಕಳಿಸುವವರ ಮೇಲೆ. ಅವಳ ಬೆರಳನ್ನೇ ಹಿಡಿದು ಆ ಸಂದೇಶವನ್ನು ಅಳಿಸಿಬಿಟ್ಟೆ. ಅವಳು ಉಸಿರು ಬಿಗಿಹಿಡಿದು ಅಡುಗೆಮನೆಯ ಕಡೆಗೇ ನೋಡುತ್ತಿದ್ದಳು. ಒಳಗೆ ಅವಳಮ್ಮ ಚಪಾತಿ ಲಟ್ಟಿಸುತ್ತಿದ್ದಳು. ಒಂದು ಚಪಾತಿ ಬೆಂದಿತು, ಇನ್ನೊಂದು ಬೆಂದಿತು, ಎಲ್ಲರೂ ಊಟಕ್ಕೆ ಬನ್ನಿ ಎಂದು ಎಂದಿನ ಗಟ್ಟಿ ದನಿಯಲ್ಲಿ ಕೂಗು ಬಂತು. ಹುಡುಗಿ ಒಂದೇ ಓಟಕ್ಕೆ ಹೋಗಿ ಅಮ್ಮನ ಸೊಂಟ ತಬ್ಬಿಕೊಂಡಳು. ಹಿಟ್ಟಿನ ಕೈ ಮೇಲೆತ್ತಿ ಹಿಡಿದು, ಇವಳಿಗೆ ಏನಾಯಿತು ಅತ್ತೆ ಎಂದು ಅವಳಮ್ಮ ನನ್ನನ್ನು ಕೇಳಿದಳು.

ಏನೂ ಆಗಲಿಲ್ಲ ಕಣಮ್ಮ, ಅದಕ್ಕೇ ಅವಳಿಗೆ ಅಷ್ಟು ಸಂತೋಷ ಎಂದೆ.